ದಿನಾ ಓಡಾಡೋದಾ, ಕಲಬುರಗಿದಾಗ ಇರೋದಾ, ಬೆಂಗಳೂರಿಗೆ ಹೋಗೋದಾ? ಕಾಲೇಜು ಪಟ್ಟಿ ತುಂಬೋ ಆಪ್ಷನ್ ಎಂಟ್ರಿಗಿಂತ ಮೊದಲ ಲೆಕ್ಕ ಹಾಕೋಣ ಬರ್ರಿ

ಕಾಗಿಣಾ ದಂಡಿ

ಎಲ್ಲರಿಗೂ ಶರಣು. ಅಕ್ಕನ ಮಗಳ ಸಲುವಾಗಿ ಕೇಳ್ಲತ್ತೀನಿ. ಕಲಬುರಗಿ ಜಿಲ್ಲಾದ ವಾಡಿಯಿಂದ 6 ಕಿ.ಮೀ. ಒಳಗಿನ ಹಳ್ಳಿ. ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಬೇಕು ಅಂತಾಳ. ರ‍್ಯಾಂಕ್ ನೋಡಿದ್ರ ಕಲಬುರಗಿದಾಗ ಸಿಗ್ತದ, ಬೆಂಗಳೂರಿನ ನಡುಮಟ್ಟದ ಕಾಲೇಜಿನಾಗೂ ಸಿಗಬಹುದು. ಮಾವನವರು ಮನಿಯಿಂದಲೇ ಹೋಗಿ ಬರಲಿ ಅಂತಾರ, ಅಕಿಗೆ ಬೆಂಗಳೂರೇ ಆಗಬೇಕು. ಸಮಾಧಾನದ ಮಾತು ಬ್ಯಾಡ, ಲೆಕ್ಕ ಬೇಕು. ಎಷ್ಟು ತಾಸು, ಎಷ್ಟು ರೊಕ್ಕ, ಯಾವ ಕಾಗದ. ತಿಳಿದವರು ಬಿಡಿಸಿ ಹೇಳ್ರಿ.

ವಸ್ತಿ ಬಸ್

ಮೊದಲನೇ ಲೆಕ್ಕ ಕಿಲೋಮೀಟರಿಂದಲ್ಲ ರೀ. ಮನಿ ಬಾಗಿಲಿಂದ ಕ್ಲಾಸಿನ ಬಾಗಿಲಿಗೆ ಎಷ್ಟು ನಿಮಿಷ ಅಂಬೋದು ನೋಡ್ರಿ. ವಾಡಿಯಿಂದ ಕಲಬುರಗಿ ರೈಲಿನಾಗ 37 ಕಿ.ಮೀ., ಮುಕ್ಕಾಲು ತಾಸು ಅಂತ ಎಲ್ಲರೂ ಅಂತಾರ. ಬಿಡಿಸಿ ಬರೀರಿ: ಟಂಟಂ (ಶೇರ್ ಆಟೋ) ತುಂಬೋ ತನಕ 15 ನಿಮಿಷ, ವಾಡಿ ಮುಟ್ಟಲಿಕ್ಕ 20, ಸ್ಟೇಷನ್‌ದಾಗ ಕಾಯೋದು 15, ರೈಲು 45, ಕಲಬುರಗಿ ಸ್ಟೇಷನ್‌ದಿಂದ ಕಾಲೇಜಿಗೆ ಆಟೋ 20. ಒಟ್ಟು 115 ನಿಮಿಷ. ಹೋಗಿ ಬರೋದಕ್ಕ 230. ವರ್ಷಕ್ಕ 200 ದಿನ ಕಾಲೇಜು ಅಂತ ಹಿಡಿದ್ರ ಸುಮಾರು 770 ತಾಸು ದಾರಿ ಮ್ಯಾಲೆ ಹೋಗ್ತಾವ. ಅದೂ ಗಾಡಿ ಟೈಮಿಗೆ ಬಂದ್ರ.

ಎರಡನೇದು ಹಾಜರಿ. ವಿಟಿಯು (ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ) ಒಳಗ 85% ಬೇಕು. ಒಂದು ವಿಷಯಕ್ಕ ಸೆಮಿಸ್ಟರಿನಾಗ 40 ಕ್ಲಾಸ್ ಆದ್ರ ತಪ್ಪಿಸಬಹುದಾದದ್ದು 6 ಮಾತ್ರ. ಆ ವಿಷಯ ವಾರದಾಗ ಎರಡು ದಿನ ಮೊದಲನೇ ಪಿರಿಯಡ್ ಇದ್ರ, ಆ ದಿನದಾಗ ಗಾಡಿ ವಾರಕ್ಕೊಮ್ಮೆ ತಡ ಆದ್ರೂ ಎರಡು ತಿಂಗಳೊಳಗ ಆ 6 ಮುಗೀತಾವ. ದಿನಾ ಓಡಾಡೋ ಮಕ್ಕಳಿಗೆ ಹಾಜರಿ ಕಡಿಮಿ ಬೀಳೋದು ಇಡೀ ದಿನ ರಜಾ ಹಾಕೋದರಿಂದ ಅಲ್ಲ, ಈ ಮೊದಲನೇ ಪಿರಿಯಡ್‌ದಿಂದ. ಪ್ರವೇಶ ಆದ ದಿನವೇ ವೇಳಾಪಟ್ಟಿ ತಗೊಂಡು ಮೊದಲನೇ ಪಿರಿಯಡ್ ಯಾವ ವಿಷಯದ್ದು, ಲ್ಯಾಬ್ ಎಷ್ಟಕ್ಕ ಬಿಡ್ತದ ನೋಡ್ರಿ.

ಮೂರನೇದು ವಾಪಸ್ ಬರೋ ಗಾಡಿ. ಲ್ಯಾಬ್ 5ಕ್ಕ ಬಿಟ್ರ ಮುಂದಿನ ಗಾಡಿ ಯಾವುದು, ಅದು ತಪ್ಪಿದ್ರ ಅದರ ಮುಂದಿಂದು ಯಾವುದು, ವಾಡಿಯಿಂದ ಹಳ್ಳಿಗೆ ಆ ಹೊತ್ತಿನಾಗ ಟಂಟಂ ಇರ್ತದಾ? ಹಳ್ಳಿಗೆ ರಾತ್ರಿ ಬಂದು ನಿಲ್ಲೋ ವಸ್ತಿ ಬಸ್ ಒಂದೇ ಇದ್ದು, ಅದು ರದ್ದಾದ ದಿನ ಬೇರೆ ದಾರಿ ಇಲ್ಲಂದ್ರ ಓಡಾಟ ಅಂಬೋ ಆಯ್ಕೆನೇ ಪಟ್ಟಿಯಿಂದ ತೆಗೀರಿ. ಸೋಮವಾರ ಒಮ್ಮೆ, ಶನಿವಾರ ಒಮ್ಮೆ, ಜೋರು ಮಳಿ ಬಂದ ದಿನ ಒಮ್ಮೆ, ಹುಡುಗಿ ಮತ್ತು ಮಾವನವರು ಇಬ್ಬರೂ ಕೂಡಿ ಬೆಳಿಗ್ಗೆ ಕ್ಲಾಸಿನ ಹೊತ್ತಿಗೆ ಹೋಗಿ ಸಂಜಿಗೆ ಬರ್ರಿ. ಮೂರು ದಿನದಾಗ ಇಬ್ಬರಿಗೂ ನಿಜ ಗೊತ್ತಾಗ್ತದ.

ನನ್ನ ಅಳತಿ ಹೇಳ್ತೀನಿ. ಬಿ.ಎ., ಬಿ.ಕಾಂ.ಗೆ ಒಂದು ಕಡಿ ಒಂದೂವರೆ ತಾಸು ನಡೀತದ. ಲ್ಯಾಬ್ ಇರೋ ಕೋರ್ಸಿಗೆ ಒಂದೂಕಾಲು ತಾಸು ಮೀರಬಾರದು. ಇಲ್ಲಿ ಎರಡು ತಾಸಿನ ಹತ್ತಿರ ಅದ.

ಮಾಹಿತಿ ಪುಸ್ತಕ

ತಾಸಿನ ಲೆಕ್ಕ ಮುಗಿಯಿತಲ್ಲ, ಸೀಟಿನ ಲೆಕ್ಕ ನಾನು ಹೇಳುತ್ತೇನೆ. ಇದನ್ನು ಬಿಟ್ಟು ಮನೆಯೋ ಹೊರಗೋ ಎಂದು ಚರ್ಚಿಸುವುದು ಅರ್ಧ ಚರ್ಚೆ.

ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಇಲ್ಲಿನವರಿಗೆ 70% ಮೀಸಲು. ರಾಜ್ಯದ ಉಳಿದ ಕಡೆ 8%. ಅಂದರೆ ಒಂದೇ ರ‍್ಯಾಂಕ್ ಕಲಬುರಗಿ, ಬೀದರ್‌ನಲ್ಲಿ ಒಂದು ತೂಕ, ಬೆಂಗಳೂರು, ಮೈಸೂರಿನಲ್ಲಿ ಇನ್ನೊಂದು ತೂಕ. ಇಲ್ಲಿ ಒಳ್ಳೆಯ ಕಾಲೇಜಿನ ಬೇಡಿಕೆಯ ಶಾಖೆ ಸಿಗುವ ರ‍್ಯಾಂಕಿಗೆ ಅಲ್ಲಿ ಬೇಡದ ಶಾಖೆ ಸಿಗಬಹುದು. ಹಿಂದಿನ ವರ್ಷದ ಕಟಾಫ್ ನೋಡುವಾಗ ಸಾಮಾನ್ಯ ಕಾಲಂ ಅಲ್ಲ, ನಿಮ್ಮ ಪ್ರವರ್ಗದ ಹೈದರಾಬಾದ್ ಕರ್ನಾಟಕ (ಕಲ್ಯಾಣ ಕರ್ನಾಟಕದ ಹಳೆಯ ಹೆಸರು) ಕಾಲಂ ಬೇರೆಯಾಗಿ ಇರುತ್ತದೆ, ಅದನ್ನು ನೋಡಿ. ಎರಡೂ ಕಡೆಯದನ್ನು ಒಂದೇ ಹಾಳೆಯಲ್ಲಿ ಬರೆಯಿರಿ.

ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆ ಹೇಗೆ ನಡೆಯುತ್ತದೆ ಎಂದರೆ, ನೀವು ಬರೆದ ಪಟ್ಟಿಯನ್ನು ಯಂತ್ರ ಮೇಲಿನಿಂದ ಕೆಳಗೆ ನೋಡುತ್ತದೆ, ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಟ್ಟು ನಿಲ್ಲುತ್ತದೆ. ಆದ್ದರಿಂದ «ಸಿಕ್ಕರೂ ಹೋಗುವುದಿಲ್ಲ» ಎನ್ನುವ ಕಾಲೇಜು ಪಟ್ಟಿಯ ಮೇಲ್ಭಾಗದಲ್ಲಿ ಇರಲೇಬಾರದು. ಬೆಂಗಳೂರಿನ ಹೆಸರಿಗಾಗಿ ಮೊದಲ ಹತ್ತು ಸಾಲು ಅಲ್ಲಿನ ಕಾಲೇಜು ತುಂಬಿ, ಹನ್ನೊಂದನೆಯದಾಗಿ ಮನೆ ಹತ್ತಿರದ್ದನ್ನು ಬರೆಯುವುದು ಪ್ರತಿ ವರ್ಷ ಕಾಣುವ ತಪ್ಪು. ಹತ್ತರಲ್ಲಿ ಒಂದು ಸಿಕ್ಕಿತೋ, ಹನ್ನೊಂದನೆಯದು ತಾನಾಗಿ ಹೋಯಿತು.

ಹಂಚಿಕೆ ಬಂದ ಮೇಲಿನ ನಾಲ್ಕು ಆಯ್ಕೆ ಗೊತ್ತಿರಲಿ. ಚಾಯ್ಸ್ 1 ಎಂದರೆ ಒಪ್ಪಿದೆ, ಸೇರುತ್ತೇನೆ. ಚಾಯ್ಸ್ 2 ಎಂದರೆ ಇದು ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಕೊಡಿ. ಸಿಕ್ಕರೆ ಹಳೆಯದು ತಾನಾಗಿ ರದ್ದು, ಹಿಂದಕ್ಕೆ ಬರಲಾಗದು. ಚಾಯ್ಸ್ 3 ಎಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್ 4 ಎಂದರೆ ಹೊರಗೆ. ಮನೆ ಹತ್ತಿರದ ಸೀಟು ಸಿಕ್ಕು ಸಮಾಧಾನವಾಗಿದ್ದವರು ಸುಮ್ಮನೆ ಚಾಯ್ಸ್ 2 ಒತ್ತಿದರೆ, ಮೇಲೆ ಬರೆದಿಟ್ಟ ಬೇಡದ ಕಾಲೇಜಿಗೆ ಎಳೆದುಕೊಂಡು ಹೋಗುತ್ತದೆ.

ಹಾಗಾಗಿ ಮನೆಯವರ ಮಾತುಕತೆ ಆಪ್ಷನ್ ಎಂಟ್ರಿಗೆ ಮೊದಲೇ ಮುಗಿಯಬೇಕು. ಅಣಕು ಹಂಚಿಕೆ ಬಂದಾಗ ಪಟ್ಟಿ ತಿದ್ದಲು ಒಂದು ಅವಕಾಶ ಇರುತ್ತದೆ, ಅದನ್ನು ಬಿಡಬೇಡಿ.

ಸೇಡಂ ಕಲ್ಲು

371(ಜೆ) ಪ್ರಮಾಣಪತ್ರ ತಹಶೀಲ್ದಾರ್ ಆಫೀಸಿನಾಗ ಕೊಡ್ತಾರಾ ಸರ್?

ಮಾಹಿತಿ ಪುಸ್ತಕ

ಇಲ್ಲ. ಅರ್ಹತಾ ಪ್ರಮಾಣಪತ್ರಕ್ಕೆ ಸಹಿ ಮಾಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಈ ಭಾಗದಲ್ಲಿ ಹುಟ್ಟಿದ್ದಕ್ಕೆ ಅಥವಾ ತಂದೆ ತಾಯಿಯ ವಾಸದ್ದಕ್ಕೆ ದಾಖಲೆ ಕೇಳುತ್ತಾರೆ, ಸ್ಥಳ ಪರಿಶೀಲನೆಗೂ ದಿನ ಹಿಡಿಯುತ್ತದೆ. ರ‍್ಯಾಂಕ್ ಬಂದ ಮೇಲೆ ಓಡಾಡಿದರೆ ಎಲ್ಲರೂ ಅದೇ ವಾರ ಬಂದಿರುತ್ತಾರೆ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ವಾರದಲ್ಲೇ ಅರ್ಜಿ ಹಾಕಿ. ಇದರ ಜೊತೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ್ದು 1ರಿಂದ 10ನೇ ತರಗತಿಯವರೆಗಿನದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗಾಗಿ ನಮ್ಮ ಕಡೆ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆಗೆ ಬದಲಾಗುತ್ತದೆ, ಮಧ್ಯಾಹ್ನ ಊಟ ಮಾಡಿ ಹೋದರೆ ಬಾಗಿಲು ಮುಚ್ಚಿರುತ್ತದೆ.

ಶಹಾಬಾದ್ ಫಾಟಕ್

ರೈಲಿನ ಪಾಸ್ ಬಗ್ಗೆ ಯಾರೂ ಹೇಳಿಲ್ಲ. ಪದವಿ ಮುಗಿಯೋ ತನಕ ಹುಡುಗಿಯರಿಗೆ ಮನಿಯಿಂದ ಕಾಲೇಜಿನ ತನಕ ಎರಡನೇ ದರ್ಜೆ ಮಾಸಿಕ ಪಾಸ್ ರೈಲ್ವೆಯವರು ಉಚಿತ ಕೊಡ್ತಾರ. ಹುಡುಗರಿಗೆ 12ನೇ ತರಗತಿ ತನಕ ಮಾತ್ರ, ಅದರ ಮ್ಯಾಲ ರಿಯಾಯಿತಿ ದರದ್ದು. ಕಾಲೇಜಿನಿಂದ ಪ್ರಾಂಶುಪಾಲರ ಸಹಿ, ಮೊಹರು ಇರೋ ಪತ್ರ ಬೇಕು. ಆದ್ರ ಈ ಪಾಸ್ ಇಟ್ಕೊಂಡು ಸ್ಲೀಪರ್ ಡಬ್ಬಿ ಹತ್ತಬ್ಯಾಡ್ರಿ, ದಂಡ ಬೀಳ್ತದ. ಸೂಪರ್‌ಫಾಸ್ಟ್ ಗಾಡಿಗೆ ಹೆಚ್ಚಿನ ಶುಲ್ಕ ಬೇರೆ.

ಬಸ್ಸಿಗೆ ಶಕ್ತಿ ಯೋಜನೆ ಇರೋದರಿಂದ ಹುಡುಗಿಯರಿಗೆ ರಾಜ್ಯದೊಳಗಿನ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಾಗ ರೊಕ್ಕ ಇಲ್ಲ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಅದು ಇಲ್ಲ. ಹುಡುಗರು ಕೆಕೆಆರ್‌ಟಿಸಿ ವಿದ್ಯಾರ್ಥಿ ಪಾಸಿಗೆ ಸೇವಾಸಿಂಧುದಾಗ ಅರ್ಜಿ ಹಾಕಬೇಕು. ಅರ್ಜಿದಾಗ ಊರಿನ ಸ್ಟಾಪ್ ಹೆಸರು ತಪ್ಪು ಆರಿಸಿದ್ರ ಆ ಮಾರ್ಗದ ಪಾಸ್ ಬರ್ತದ, ಕಂಡಕ್ಟರ್ ಒಪ್ಪೋದಿಲ್ಲ.

ಶೇಂಗಾ ಹಿಂಡಿ

ರೊಕ್ಕದ ಲೆಕ್ಕ ಒಂದು ಮಾದರಿ ಹಾಕಿ ಕೊಡ್ತೀನಿ, ನಿಮ್ಮ ಅಂಕಿ ನೀವು ತುಂಬ್ರಿ.

ಬೆಂಗಳೂರು ಪಿಜಿ ಊಟ ಸೇರಿ 8,000 ಅಂತ ಹಿಡೀರಿ. ಹೆಚ್ಚಿನ ಮಂದಿ 10 ತಿಂಗಳಿಂದ ಗುಣಿಸ್ತಾರ, ಅದು ತಪ್ಪು. ರಜಾದಾಗ ಮನಿಗೆ ಬಂದ್ರೂ ಹಾಸಿಗಿ ಹಿಡಿದಿಡಬೇಕಂದ್ರ ಬಾಡಿಗಿ ಕೊಡಬೇಕಾಗ್ತದ, ಹಂಗಾಗಿ 12. ಅಂದ್ರ 96,000. ನಗರದೊಳಗಿನ ಓಡಾಟ 10,000. ಊರಿಗೆ ಬಂದು ಹೋಗೋದು ವರ್ಷಕ್ಕ 5 ಸಲ, ಸಲಕ್ಕ 1,200, ಒಟ್ಟು 6,000. ಮೊಬೈಲು, ಸಾಬೂನು, ಔಷಧಿ, ಜೆರಾಕ್ಸು ತಿಂಗಳಿಗೆ 1,500, ಒಟ್ಟು 18,000. ಕೂಡಿಸಿದ್ರ 1,30,000. ಅನಾಮತ್ತು (ಡಿಪಾಸಿಟ್) ಬೇರೆ.

ಮನಿಯಿಂದ ಓಡಾಡಿದ್ರ ಟಂಟಂ, ಆಟೋ, ಹೊರಗಿನ ಚಹಾ ತಿಂಡಿ ಎಲ್ಲ ಸೇರಿ ದಿನಕ್ಕ 120 ಅಂದ್ರೂ 200 ದಿನಕ್ಕ 24,000. ಅಂತರ ವರ್ಷಕ್ಕ 1,06,000. ನಾಲ್ಕು ವರ್ಷಕ್ಕ 4,24,000. ಕಾಲೇಜಿನ ಫೀಸು ಇದರಾಗ ಇಲ್ಲ.

ಈಗ ಹುಡುಗಿಗೆ ಕೇಳ್ರಿ: ಆ ಬೆಂಗಳೂರಿನ ಕಾಲೇಜು ಈ ನಾಲ್ಕೂಕಾಲು ಲಕ್ಷಕ್ಕ ಏನು ಕೊಡ್ತದ? ಉತ್ತರ ಇರಬಹುದು, ಇರೋದಿಲ್ಲಂತ ನಾ ಅನ್ನೋದಿಲ್ಲ. ಆದ್ರ ಉತ್ತರ ಕಾಗದದ ಮ್ಯಾಲ ಬೇಕು. ಆ ಶಾಖೆಯಿಂದ ಹೋದ ವರ್ಷ ಎಷ್ಟು ಮಂದಿಗೆ ಕೆಲಸ ಸಿಕ್ತು, ಒಟ್ಟು ಮಂದಿ ಎಷ್ಟು, ನಡುವಿನ ಸಂಬಳ ಎಷ್ಟು. ಬ್ಯಾನರ್ ಮ್ಯಾಲಿನ ದೊಡ್ಡ ಸಂಬಳ ಒಬ್ಬರದು ಇರ್ತದ. ಎಲ್ಲರನ್ನೂ ಕಡಿಮಿಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದ್ರ ನಟ್ಟನಡುವಿನವರಿಗೆ ಎಷ್ಟು ಅಂತ ಕೇಳ್ರಿ. ಶಾಖೆಗೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಅದಾ ಅಂತಲೂ ನೋಡ್ರಿ. ಅದನ್ನ ಇಡೀ ಕಾಲೇಜಿಗೆ ಕೊಡೋದಿಲ್ಲ, ಒಂದು ಶಾಖೆಗೆ ಇದ್ದು ಇನ್ನೊಂದಕ್ಕ ಇಲ್ಲದ್ದು ಬಹಳ.

ವಸ್ತಿ ಬಸ್

ನಡುವಿನ ದಾರಿ ಮರೀಬ್ಯಾಡ್ರಿ. ಕಲಬುರಗಿ ಕಾಲೇಜು, ಕಲಬುರಗಿದಾಗೇ ಹಾಸ್ಟೆಲ್ ಇಲ್ಲಾ ಪಿಜಿ, ಶನಿವಾರ ಸಂಜಿಗೆ ಮನಿಗೆ. 770 ತಾಸು ಉಳೀತಾವ, ಖರ್ಚು ಬೆಂಗಳೂರಿನ ಅರ್ಧದ ಆಜುಬಾಜು ನಿಲ್ತದ. ಇಬ್ಬರ ಮಾತೂ ಸ್ವಲ್ಪ ಸ್ವಲ್ಪ ನಡೀತದ.

ಹಾಸ್ಟೆಲ್ ಪಟ್ಟಿ

ಸರ್ಕಾರಿ ಹಾಸ್ಟೆಲ್ ಆಗುವುದಾದರೆ ಇದನ್ನು ಓದಿ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ. ವಿದ್ಯಾರ್ಥಿವೇತನದ ಎಸ್ಎಸ್‌ಪಿ ಬೇರೆ, ಇದು ಬೇರೆ. ಒಂದರಲ್ಲಿ ಹಾಕಿ ಎರಡೂ ಆಯಿತೆಂದು ಕುಳಿತವರಿಗೆ ಹಾಸ್ಟೆಲ್ ಸಿಗುವುದಿಲ್ಲ. ಕಲಬುರಗಿ ನಗರದಲ್ಲಿ ಅರ್ಜಿ ಹೆಚ್ಚು, ಹಾಸಿಗೆ ಕಡಿಮೆ. ಆಯ್ಕೆಯಾದವರು ಹೇಳಿದ ದಿನದೊಳಗೆ ಸೇರದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ.

ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ: ವರ್ಷದಲ್ಲಿ ಹತ್ತು ತಿಂಗಳ ಊಟ, ವಸತಿಯ ಸಹಾಯಧನ. ಕಾಲೇಜಿರುವ ಊರಿನಲ್ಲೇ ಮನೆ ಇದ್ದವರಿಗೆ ಅಲ್ಲ. ಈ ಹಣ ತಿಂಗಳು ತಿಂಗಳು ಕೈಗೆ ಬರುತ್ತದೆಂದು ಬಾಡಿಗೆಗೆ ನಂಬಬೇಡಿ, ತಡವಾಗಿ ಬರುತ್ತದೆ. ಮೊದಲ ಆರು ತಿಂಗಳ ಖರ್ಚು ಕೈಯಿಂದಲೇ ಎಂದು ಸಿದ್ಧವಾಗಿರಿ.

ಹಣ ನಿಲ್ಲುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಮುಗಿದಿರುವುದು. ಬ್ಯಾಂಕ್ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗದಿರುವುದು. ಖಾತೆಗೆ ಆಧಾರ್ ಜೋಡಿಸಿದ್ದೇವೆ ಎಂದರೆ ಸಾಲದು, ನೇರ ಹಣ ವರ್ಗಾವಣೆಗೆ ಮ್ಯಾಪ್ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಎರಡು ವರ್ಷ ಮುಟ್ಟದ ಖಾತೆ ನಿಷ್ಕ್ರಿಯವಾಗಿರುತ್ತದೆ, ಬ್ಯಾಂಕಿಗೆ ಹೋಗಿ ಗುರುತಿನ ದಾಖಲೆ (ಕೆವೈಸಿ) ಕೊಟ್ಟು ಜೀವ ಕೊಡಿ.

ರಿಂಗ್ ರೋಡ್

ಕಲಬುರಗಿದಾಗ ಪಿಜಿ, ರೂಮ್ ನೋಡ್ಲಿಕ್ಕ ಹೋದಾಗ ಮೊದಲ ಕೇಳೋದು ನೀರು. ಒಬ್ಬರಿಗೆ ದಿನಕ್ಕ 100 ಲೀಟರ್ ಹಿಡಿದ್ರ 40 ಮಂದಿಗೆ 4,000. ನಳದ ನೀರು ಮೂರು ದಿನಕ್ಕೊಮ್ಮೆ ಬಂದ್ರ 12,000 ಲೀಟರ್ ಹಿಡಿಯೋ ಟಾಕಿ ಬೇಕು. ಇಲ್ಲಂದ್ರ ಬೋರು ಇಲ್ಲಾ ಟ್ಯಾಂಕರ್. ಟ್ಯಾಂಕರ್ ರೊಕ್ಕ ಯಾರದು? ಬಾಡಿಗಿದಾಗ ಸೇರ್ಯದಾ, ಹಂಚತಾರಾ? ಜೂನ್-ಜುಲೈದಾಗ ಇದು ಯಾರಿಗೂ ನೆನಪಾಗೋದಿಲ್ಲ, ಮಾರ್ಚ್‌ದಾಗ ನೆನಪಾಗ್ತದ.

ಎರಡನೇದು ಬಿಸಿಲು. ಮ್ಯಾಲಿನ ಮಾಳಿಗಿ, ತಗಡಿನ ಛಾವಣಿ ರೂಮು ಬಾಡಿಗಿ ಕಡಿಮಿ ಅಂತ ಹಿಡೀಬ್ಯಾಡ್ರಿ. 42 ಡಿಗ್ರಿ ದಾಟಿದಾಗ ರಾತ್ರಿ ಹನ್ನೆರಡಕ್ಕೂ ಗೋಡಿ ಕಾದಿರ್ತದ. ಓದಲಿಕ್ಕೂ ಆಗೋದಿಲ್ಲ, ಮಲಗಲಿಕ್ಕೂ ಆಗೋದಿಲ್ಲ. ನಡುವಿನ ಮಾಳಿಗಿ, ಪಡುವಣಕ್ಕ ಕಿಟಕಿ ಇಲ್ಲದ ರೂಮು ನೋಡ್ರಿ. ಕೂಲರ್ ಹಚ್ಚಲಿಕ್ಕ ಬಿಡ್ತಾರಾ, ಅದರ ಕರೆಂಟ್ ಬಿಲ್ ಯಾರದು, ಕೇಳಿಟ್ಕೊಳ್ರಿ.

ಅನಾಮತ್ತಿನ ರಸೀದಿ ತಗೊಳ್ರಿ. ಬಿಡೋ ಮೊದಲ ಎಷ್ಟು ದಿನ ಹೇಳಬೇಕು, ಎಷ್ಟು ಮುರ್ಕೋತಾರ ಅಂಬೋದು ಬರವಣಿಗಿದಾಗ ಇರಲಿ. ಸಂಜಿ ಏಳರ ಮ್ಯಾಲ ಒಮ್ಮೆ ಹೋಗಿ ಆ ಓಣಿದಾಗ ಬೆಳಕು ಅದಾ, ಆಟೋ ಬರ್ತಾವಾ ನೋಡ್ರಿ. ಮತ್ತ ಅಲ್ಲೇ ಇರೋ ಹುಡುಗಿಯರನ್ನ ಊಟದ ಹೊತ್ತಿನಾಗ ಮಾತಾಡಸ್ರಿ, ಮಾಲೀಕರು ಎದುರಿಗೆ ಇಲ್ಲದಾಗ.

ಶೇಂಗಾ ಹಿಂಡಿ

ಮೂರು ಮಂದಿ ಕೂಡಿ ರೂಮ್ ಮಾಡಿ ಅಡಿಗಿ ಮಾಡ್ಕೋತೀವಿ ಅನ್ನೋರಿಗೆ ಅಳತಿ. ಒಂದು ಕಿಲೋ ಜೋಳದ ಹಿಟ್ಟಿಗೆ ಸಾಧಾರಣ ಗಾತ್ರದ್ದು 14-15 ರೊಟ್ಟಿ. ಒಬ್ಬರಿಗೆ ದಿನಕ್ಕ ಆರು ಅಂದ್ರ ತಿಂಗಳಿಗೆ 12 ಕಿಲೋ ಹಿಟ್ಟು. ಅಕ್ಕಿ 4 ಕಿಲೋ, ತೊಗರಿ ಬ್ಯಾಳಿ ಒಂದೂವರೆ ಕಿಲೋ. ಜೋಳ, ಬ್ಯಾಳಿ ಮನಿಯಿಂದ ಬರ್ತಾವಂದ್ರ ಖರ್ಚು ಅಲ್ಲೇ ಬಹಳ ಇಳೀತದ. ಹಿಟ್ಟು 15 ದಿನಕ್ಕಾಗುವಷ್ಟೇ ಬೀಸಿಸ್ರಿ. ಹಳೇ ಹಿಟ್ಟಿಗೆ ಜಿಗಿ ಇರೋದಿಲ್ಲ, ಬಡೀವಾಗ ರೊಟ್ಟಿ ಅಂಚು ಸೀಳ್ತದ. ಹೊಸದಾಗಿ ಕಲಿಯೋರು ತಮಗೇ ಬರೋದಿಲ್ಲಂತ ಕೈ ಬಿಡ್ತಾರ, ತಪ್ಪು ಹಿಟ್ಟಿಂದು.

ಗ್ಯಾಸಿಗೆ 5 ಕಿಲೋದ ಸಣ್ಣ ಸಿಲಿಂಡರ್ ಗುರುತಿನ ಚೀಟಿ ಒಂದರ ಮ್ಯಾಲೆ ಸಿಗ್ತದ, ವಿಳಾಸದ ಪುರಾವೆ ಬೇಕಿಲ್ಲ. ಎರಡು ಹೊತ್ತು ಮೂರು ಮಂದಿ ಅಡಿಗಿಗೆ ಎರಡು ವಾರ ಬರ್ತದ. ಪರೀಕ್ಷಾ ವಾರಕ್ಕ ಮನಿಯಿಂದ ಖಡಕ್ ರೊಟ್ಟಿ, ಹಿಂಡಿ ತಂದಿಟ್ಕೊಂಡ್ರ ದಿನಕ್ಕ ಎರಡು ತಾಸು ಉಳೀತದ. ಮಳಿಗಾಲದಾಗ ಖಡಕ್ ರೊಟ್ಟಿ ಮುಚ್ಚಳ ಬಿಗಿ ಇರೋ ಡಬ್ಬಿದಾಗ ಇಡ್ರಿ, ಇಲ್ಲಂದ್ರ ಮೆತ್ತಗಾಗಿ ಬೂಸಲು ಹಿಡೀತಾವ.

ಕೋಟೆ ಬಾಗಿಲು

ಬೀದರ್ ಕಡೆಯವರಿಗೆ ಒಂದು ಮಾತು. ನಮ್ಮಲ್ಲಿ ಹೊರಗೆ ಹೋಗುವುದು ಪದವಿಗಿಂತ ಮೊದಲೇ ಶುರುವಾಗುತ್ತದೆ, ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಲಾತೂರು ಇಲ್ಲವೇ ಹೈದರಾಬಾದ್. ಕಳಿಸುವ ಮುನ್ನ ಸಿಇಟಿ ನಿಯಮ ಎಣಿಸಿ: 1ನೇ ತರಗತಿಯಿಂದ 12ರವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತನೆಯದು ಅಥವಾ ಹನ್ನೆರಡನೆಯದು ಇಲ್ಲಿ ಪಾಸಾಗಿರಬೇಕು. ಹತ್ತರವರೆಗೆ ಬೀದರ್‌ನಲ್ಲೇ ಓದಿದವರಿಗೆ ತೊಂದರೆಯಿಲ್ಲ. ಗಡಿ ಹಳ್ಳಿಯವರು ಚಿಕ್ಕ ತರಗತಿ ಉದಗೀರದಲ್ಲೋ ಜಹೀರಾಬಾದ್‌ನಲ್ಲೋ ಓದಿಸಿದ್ದರೆ ವರ್ಷಗಳನ್ನು ಬೆರಳಿಟ್ಟು ಎಣಿಸಿ. ಗಡಿ ದಾಟುವ ಬಸ್ಸಿನಲ್ಲಿ ಶಕ್ತಿ ಯೋಜನೆಯೂ ಇಲ್ಲ.

ಇನ್ನು ಪದವಿಗೆ ಬಂದರೆ, ಜಿಲ್ಲೆಯಲ್ಲೇ ಇರುವುದನ್ನು ನೋಡದೆ ಹೊರಗೆ ಹೋಗುವವರು ಬಹಳ. ಬೀದರ್‌ನಲ್ಲಿ ಬ್ರಿಮ್ಸ್ ವೈದ್ಯಕೀಯ ಕಾಲೇಜು, ಪಶುವೈದ್ಯಕೀಯ ವಿಶ್ವವಿದ್ಯಾಲಯ, ಇಂಜಿನಿಯರಿಂಗ್ ಕಾಲೇಜುಗಳಿವೆ. ಯಾದಗಿರಿಗೆ 2022ರಲ್ಲಿ ವೈದ್ಯಕೀಯ ಕಾಲೇಜು ಬಂತು, ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು ಇದೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಆದರೆ ಅಲ್ಲಿಗೆ ಸಿಇಟಿ ಅಲ್ಲ, ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಬರೆಯಬೇಕು. ಅದರ ಅರ್ಜಿ ಪಿಯು ಪರೀಕ್ಷೆಯ ಗಡಿಬಿಡಿಯಲ್ಲೇ ಬಂದು ಹೋಗುತ್ತದೆ.

ಭೀಮಾ ತೀರ

ಮನಿಯಾಗ ಇರೋದು ಅಂದ್ರ ಬರೀ ರೊಕ್ಕ ಉಳಿಸೋದಲ್ಲ, ಅದಕ್ಕೂ ಕರಾರು ಬೇಕು. ತೊಗರಿ ರಾಶಿ ಡಿಸೆಂಬರ್-ಜನವರಿದಾಗ, ಎಳ್ಳ ಅಮಾವಾಸ್ಯೆನೂ ಅದೇ ಹೊತ್ತಿಗೆ, ಬೆಸ ಸೆಮಿಸ್ಟರಿನ ಪರೀಕ್ಷೆನೂ ಬಹಳ ಸಲ ಆಗಲೇ. ಮನ್ಯಾಗ ಇದ್ದ ಮಗಳಿಗೆ ಹೊಲಕ್ಕ ಬುತ್ತಿ ಒಯ್ಯೋದು, ಮಂದಿಗೆ ಅಡಿಗಿ, ತಮ್ಮನ ಅಭ್ಯಾಸ, ಎಲ್ಲಾ ಬರ್ತದ. ಯಾರೂ ಕೆಟ್ಟವರಲ್ಲ, ಕಣ್ಣ ಮುಂದ ಇದ್ದವರಿಗೆ ಕೆಲಸ ಹೇಳ್ತಾರ. ಪರೀಕ್ಷೆಗೆ ಮೂರು ವಾರ ಇರೋವಾಗಿಂದ ಮನಿ ಕೆಲಸ ಹೇಳೋದಿಲ್ಲ ಅಂತ ಮಾವನವರು ಈಗಲೇ ಒಪ್ಪಬೇಕು. ಕದ ಇರೋ ಕೋಣಿ ಇಲ್ಲಂದ್ರೂ ಒಂದು ಮೂಲಿ, ಒಂದು ಟೇಬಲ್, ಕರೆಂಟ್ ಹೋದಾಗ ಎರಡು ತಾಸು ಬರೋ ದೀಪ ಬೇಕೇ ಬೇಕು.

ಕಲಬುರಗಿದಾಗ ಸಂಬಂಧಿಕರ ಮನಿ ಅದ, ಅಲ್ಲೇ ಇರಲಿ ಅಂತಲೂ ಮಾತು ಬರ್ತದ. ಬರಲಿ, ಆದ್ರ ಸುಮ್ಮನ ಬಿಡಬ್ಯಾಡ್ರಿ. ತಿಂಗಳಿಗೆ ಇಷ್ಟು ಜೋಳ, ಇಷ್ಟು ಬ್ಯಾಳಿ, ಇಷ್ಟು ರೊಕ್ಕ ಅಂತ ಹಿರೇರು ಕುಂತು ಮೊದಲೇ ಹೇಳ್ಕೊಳ್ರಿ. ಬ್ಯಾಡ ಅಂತಾರ, ಆದ್ರೂ ಕೊಡ್ರಿ. ಮೊದಲ ಒಂದು ಸೆಮಿಸ್ಟರ್ ಮಾತ್ರ ಅಂತ ಗಡುವು ಇಟ್ರ ಇಬ್ಬರಿಗೂ ಮುಜುಗರ ಆಗೋದಿಲ್ಲ.

ಕಾಗಿಣಾ ದಂಡಿ

ಎಲ್ಲರಿಗೂ ದೊಡ್ಡ ಉಪಕಾರ. ಮಾವನವರಿಗೆ ಮತ್ತ ಹುಡುಗಿಗೆ ಇದನ್ನೇ ಓದಿ ಹೇಳ್ದೆ. ಮೂರು ದಿನ ಹೋಗಿ ಬರಲಿಕ್ಕ ಇಬ್ಬರೂ ಒಪ್ಯಾರ. ಒಂದು ಸಂಶಯ: ಮೊದಲ ಮನಿಯಿಂದ ಓಡಾಡಿ ನೋಡಿ, ಆಗೋದಿಲ್ಲಂದ್ರ ನಡುವ ಹಾಸ್ಟೆಲಿಗೆ ಹೋಗಬಹುದಾ? ಮತ್ತ ಮುಂದ ಬೆಂಗಳೂರಿಗೆ ಕಾಲೇಜು ಬದಲಿ ಮಾಡಲಿಕ್ಕ ಬರ್ತದಾ?

ಹಾಸ್ಟೆಲ್ ಪಟ್ಟಿ

ಪಿಜಿಗೆ ನಡುವೆ ಹೋಗಬಹುದು, ದೀಪಾವಳಿ ಕಳೆದ ಮೇಲೆ ಹಾಸಿಗೆ ಖಾಲಿಯಾಗುತ್ತವೆ. ಸರ್ಕಾರಿ ಹಾಸ್ಟೆಲ್‌ಗೆ ಆಗದು, ಅರ್ಜಿಯ ಅವಧಿ ಮುಗಿದಿರುತ್ತದೆ. ಆದ್ದರಿಂದ ಓಡಾಡುವುದೇ ಎಂದು ತೀರ್ಮಾನಿಸಿದರೂ ಹಾಸ್ಟೆಲ್ ಅರ್ಜಿ ಈಗಲೇ ಹಾಕಿ. ಸೀಟು ಬಂದಾಗ ಬೇಡ ಅನ್ನಿಸಿದರೆ ಕೂಡಲೇ ಬರೆದುಕೊಟ್ಟು ಬಿಡಿ, ಕಾಯುವ ಪಟ್ಟಿಯಲ್ಲಿ ಇನ್ನೊಂದು ಮಗು ಇರುತ್ತದೆ.

ಮಾಹಿತಿ ಪುಸ್ತಕ

ವಿಟಿಯುನಲ್ಲಿ ಕಾಲೇಜು ಬದಲಾವಣೆಗೆ ಎರಡನೇ ವರ್ಷದ ಆರಂಭದಲ್ಲಿ, ಅಂದರೆ 3ನೇ ಸೆಮಿಸ್ಟರಿಗೆ ದಾರಿ ಇದೆ. ಹೋಗುವ ಕಾಲೇಜಿನ ಅದೇ ಶಾಖೆಯಲ್ಲಿ ಸೀಟು ಖಾಲಿ ಇರಬೇಕು, ಎರಡೂ ಕಾಲೇಜಿನ ನಿರಾಕ್ಷೇಪಣಾ ಪತ್ರ ಬೇಕು. ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಖಾಲಿ ಇರುವುದು ಕಡಿಮೆ, ಅದನ್ನು ನಂಬಿ ಇಲ್ಲಿ ಸೇರಿಸಬೇಡಿ. ಮೊದಲ ವರ್ಷದ ಬ್ಯಾಕ್‌ಲಾಗ್ ಇದ್ದರೆ ಇನ್ನೂ ಕಷ್ಟ.

ಶಹಾಬಾದ್ ಫಾಟಕ್

ಕೊನೀಗೆ ಬೆಂಗಳೂರೇ ಆದ್ರ ದೀಪಾವಳಿ ಟಿಕೇಟು 60 ದಿನ ಮೊದಲೇ ಬೆಳಿಗ್ಗೆ 8ಕ್ಕ ತೆರೀತದ. ಉದ್ಯಾನ್, ಬಸವ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಹಬ್ಬದ ವಾರದಾಗ ತಡ ಮಾಡಿದವರಿಗೆ ಉಳಿಯೋದಿಲ್ಲ. ತತ್ಕಾಲ್ ಸ್ಲೀಪರ್ ಹಿಂದಿನ ದಿನ 11ಕ್ಕ, ಎ.ಸಿ. 10ಕ್ಕ. ಹೋಗೋ ಟಿಕೇಟಿನ ಜೋಡಿ ತಿರುಗಿ ಬರೋದನ್ನೂ ತೆಗೆದಿಡ್ರಿ, ಪಾಡ್ಯ ಮುಗಿದ ಮರುದಿನದ ಗಾಡಿಗೆ ನಮ್ಮ ಮೂರೂ ಜಿಲ್ಲಾದ ಹುಡುಗರು ಒಮ್ಮೆಲೇ ಹತ್ತತಾರ.